ಶಾಲೆ ಮತ್ತು ಪಾಲಕರ ನಡುವಿನ ಮಾತು, ನಂಬಿಕೆ: ಉತ್ತರ ಕನ್ನಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಉತ್ತರ ಕನ್ನಡದ ಶಿಕ್ಷಕರು ಮತ್ತು ಪಾಲಕರು, ಇಬ್ಬರಿಗೂ. ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆಗಳು ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ ಕಾರವಾರದಲ್ಲಿದೆ, ಘಟ್ಟದ ಮೇಲಿನವರಿಗೆ ಶಿರಸಿಯಲ್ಲಿದೆ. ಅರ್ಜಿ, ದೂರು ಯಾವುದೇ ಇರಲಿ, ಮೊದಲು ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ತಪ್ಪು ಕಚೇರಿಗೆ ಹೋದ ಕಾಗದ ತಿಂಗಳುಗಟ್ಟಲೆ ಅಲೆಯುತ್ತದೆ.

ಪಾಲಕರ ಸಭೆ ಕರೆದರೆ ನಾಲ್ಕೈದು ಜನ ಬರುತ್ತಾರೆ. ಪಾಲಕರಿಗೆ ಆಸಕ್ತಿಯೇ ಇಲ್ಲವೇ?

ಆಸಕ್ತಿ ಇಲ್ಲ ಎನ್ನುವ ಮೊದಲು ಸಭೆಯ ದಿನ ಮತ್ತು ಹೊತ್ತನ್ನು ನೋಡಿ. ಬಾರದ ಪಾಲಕರಲ್ಲಿ ಹೆಚ್ಚಿನವರು ಆ ಹೊತ್ತಿಗೆ ದುಡಿಮೆಯಲ್ಲಿರುತ್ತಾರೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವ ಅಪ್ಪಂದಿರು ಮನೆಯಲ್ಲಿ ಸಿಗುವುದು ಈ ಎರಡು ತಿಂಗಳು ಮಾತ್ರ. ಶಾಲೆಯೂ ಆಗಷ್ಟೇ ತೆರೆದಿರುತ್ತದೆ. ಆದ್ದರಿಂದ ಮೀನುಗಾರರ ಕೇರಿಯ ಶಾಲೆಗಳು ವರ್ಷದ ಮೊದಲ ಸಭೆಯನ್ನು ಜುಲೈ ಮುಗಿಯುವುದರೊಳಗೆ ಮಾಡಿಬಿಡಬೇಕು. ಆಗಸ್ಟ್‌ನಲ್ಲಿ ಬೋಟು ಕಡಲಿಗೆ ಇಳಿದ ಮೇಲೆ ಕರೆದರೆ ತಾಯಂದಿರು ಮಾತ್ರ ಬರುತ್ತಾರೆ. ಅವರಲ್ಲೂ ಮೀನು ಮಾರುವವರಿಗೆ ಬೆಳಗಿನ ಹೊತ್ತು ಆಗುವುದಿಲ್ಲ, ಪೇಟೆ ಮುಗಿಸಿ ಮನೆಗೆ ಬಂದು ಉಂಡ ಮೇಲೆ, ಅಂದರೆ ಮಧ್ಯಾಹ್ನ 3ರ ನಂತರ ಆಗುತ್ತದೆ.

ಘಟ್ಟದ ಮೇಲೆ ಲೆಕ್ಕ ಬೇರೆ. ಜುಲೈನಲ್ಲಿ ನಾಟಿ. ಚಳಿಗಾಲವಿಡೀ ಅಡಿಕೆ ಗೊನೆಯ ಕೊಯ್ಲು, ಸುಲಿತ. ಸುಲಿತಕ್ಕೆ ಹೋಗುವ ತಾಯಿಗೆ ಅರ್ಧ ದಿನ ಬಿಡುವುದೆಂದರೆ ಅರ್ಧ ದಿನದ ಕೂಲಿ ಬಿಟ್ಟಂತೆ. ಅಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನ ದಿನಗಳು ಅನುಕೂಲ. ಸಭೆಯ ಹೊತ್ತನ್ನು ಊರಿನ ಬಸ್ಸಿಗೆ ಹೊಂದಿಸಿ. ಬೆಳಿಗ್ಗೆ ಬಂದ ಬಸ್ಸು ಸಂಜೆಗೇ ಮರಳುವ ಊರಿನಲ್ಲಿ 11 ಗಂಟೆಯ ಒಂದು ತಾಸಿನ ಸಭೆಗೆ ಪಾಲಕರು ಇಡೀ ದಿನ ಕಳೆಯಬೇಕಾಗುತ್ತದೆ. ಅಂಥ ಕಡೆ ಶಿಕ್ಷಕರೇ ಮಜರೆಗೆ ಹೋಗಿ, ಒಂದು ಮನೆಯ ಜಗುಲಿಯಲ್ಲಿ ಏಳೆಂಟು ಪಾಲಕರನ್ನು ಕೂರಿಸಿಕೊಂಡು ಮಾತಾಡುವುದು ಎಷ್ಟೋ ಮೇಲು. ಶಾಲೆಯ ಬೆಂಚಿನ ಮೇಲೆ ಬಾಯಿ ಬಿಡದವರು ಜಗುಲಿಯಲ್ಲಿ ಮಾತಾಡುತ್ತಾರೆ.

ನೋಟೀಸನ್ನು ಕನಿಷ್ಠ 7 ದಿನ ಮೊದಲು ಕಳಿಸಿ, ಹಿಂದಿನ ದಿನ ಮತ್ತೊಮ್ಮೆ ನೆನಪಿಸಿ. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಎರಡನ್ನೂ ಬರೆಯಿರಿ. ಬರೆದ ಹೊತ್ತಿಗೆ ಮುಗಿಸಿ. ಒಂದು ಸಲ ಎರಡು ತಾಸು ಕಾಯಿಸಿದರೆ ಮುಂದಿನ ಸಲ ಅವರು ಬರುವುದಿಲ್ಲ.

ಸಭೆಯಲ್ಲಿ ಏನು ಮಾತಾಡಬೇಕು?

ಶಿಕ್ಷಣ ಹಕ್ಕು ಕಾಯ್ದೆ, 2009ರ 24ನೇ ಕಲಮು ಶಿಕ್ಷಕರ ಕರ್ತವ್ಯಗಳಲ್ಲಿ ಪಾಲಕರ ಜತೆ ನಿಯಮಿತ ಸಭೆಯನ್ನೂ ಸೇರಿಸಿದೆ. ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಾದ ಪ್ರಗತಿ ಇವನ್ನು ಪಾಲಕರಿಗೆ ತಿಳಿಸಬೇಕು. ಹೆಚ್ಚಿನ ಸಭೆಗಳಲ್ಲಿ ಆಗುವುದು ಮಾತ್ರ ಭಾಷಣ, ದೇಣಿಗೆಯ ಮಾತು, ಕೊನೆಗೆ ಅಂಕಗಳ ಪಟ್ಟಿ ಓದುವುದು. ಅಂಕವನ್ನು ಎಲ್ಲರೆದುರು ಓದುವುದನ್ನು ಇಂದೇ ನಿಲ್ಲಿಸಿ. ಕೊನೆಯ ಹೆಸರಿನ ಮಗುವಿನ ತಾಯಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಯಾರ ಜತೆ ಹೆಚ್ಚು ಮಾತಾಡಬೇಕಿತ್ತೋ ಅವರನ್ನೇ ಶಾಲೆ ಕಳೆದುಕೊಳ್ಳುತ್ತದೆ.

ಎಲ್ಲರಿಗೂ ಸೇರಿದ ವಿಷಯಕ್ಕೆ 20 ನಿಮಿಷ ಸಾಕು. ಉಳಿದ ಹೊತ್ತು ಒಬ್ಬೊಬ್ಬ ಪಾಲಕರಿಗೆ 7 ನಿಮಿಷ ಕೊಡಿ. 30 ಮಕ್ಕಳ ತರಗತಿಗೆ ಇದು ಮೂರೂವರೆ ತಾಸಾಗುತ್ತದೆ, ಹಾಗಾಗಿ ಎರಡು ದಿನಕ್ಕೆ ಹಂಚಿ ಪ್ರತಿ ಮನೆಗೆ ಬೇರೆ ಬೇರೆ ಹೊತ್ತು ಬರೆದುಕೊಡಿ. ಮಗುವಿನ ನೋಟ್‌ಬುಕ್ ಮೇಜಿನ ಮೇಲೆ ತೆರೆದಿರಲಿ. ಮೊದಲು ಮಗು ಈಗ ಏನು ಮಾಡಬಲ್ಲದು ಎಂದು ತೋರಿಸಿ, ಆಮೇಲೆ ಎಲ್ಲಿ ಎಡವುತ್ತಿದೆ ಎಂದು. ನಂತರ ಪಾಲಕರನ್ನು ಕೇಳಿ: ಮನೆಯಲ್ಲಿ ಹೇಗಿದ್ದಾನೆ, ಯಾವಾಗ ಮಲಗುತ್ತಾನೆ, ಶಾಲೆಯ ಬಗ್ಗೆ ಏನು ಹೇಳುತ್ತಾನೆ? ಏಳರಲ್ಲಿ ಮೂರು ನಿಮಿಷವಾದರೂ ಪಾಲಕರು ಮಾತಾಡಬೇಕು. ಕೊನೆಗೆ ಮನೆಯಲ್ಲಿ ಮಾಡಬಹುದಾದ ಒಂದೇ ಒಂದು ಕೆಲಸ ಹೇಳಿ. ನಾಲ್ಕು ಹೇಳಿದರೆ ಒಂದೂ ಆಗುವುದಿಲ್ಲ. ಓದು ಬಾರದ ತಾಯಿಗೂ ಮಾಡಲಾಗುವಂಥದ್ದೇ ಇರಲಿ: “ದಿನಾ ರಾತ್ರಿ ಹತ್ತು ನಿಮಿಷ ಅವಳ ಹತ್ತಿರ ಗಟ್ಟಿಯಾಗಿ ಓದಿಸಿ, ನೀವು ಪಕ್ಕದಲ್ಲಿ ಕೂತಿದ್ದರೆ ಸಾಕು.”

ಮಗುವಿನ ತಪ್ಪನ್ನು ಪಾಲಕರಿಗೆ ಹೇಗೆ ಹೇಳುವುದು? ಹೇಳಿದರೆ ಸಿಟ್ಟಾಗುತ್ತಾರೆ.

ಶಾಲೆಯಿಂದ ಬರುವ ಮೊದಲ ಫೋನೇ ದೂರಾದರೆ ಯಾರಿಗೂ ಸಿಟ್ಟು ಬರುತ್ತದೆ. ಆಮೇಲೆ ಆ ನಂಬರು ಕಂಡರೆ ಸಾಕು, ಪಾಲಕರ ಎದೆ ಡವಗುಡುತ್ತದೆ. ಜೂನ್‌ನಲ್ಲಿ, ಶಾಲೆ ತೆರೆದ ಮೂರು ವಾರದೊಳಗೆ, ಪ್ರತಿ ಮನೆಗೂ ಒಂದು ಒಳ್ಳೆಯ ಸುದ್ದಿ ಹೋಗಬೇಕು. “ನಿಮ್ಮ ಮಗಳು ಇವತ್ತು ಪಾಠ ಚೊಲೋ ಓದಿದಳು, ಹೇಳೋಣ ಅಂತ ಫೋನ್ ಮಾಡಿದೆ” ಎನ್ನಲು ಒಂದು ನಿಮಿಷ ಸಾಕು. ದಿನಕ್ಕೆ ಇಬ್ಬರಂತೆ ಮಾಡಿದರೆ 30 ಮನೆ 15 ದಿನದಲ್ಲಿ ಮುಗಿಯುತ್ತದೆ. ಈ ಪುಟದಲ್ಲಿರುವುದರಲ್ಲಿ ಒಂದನ್ನೇ ಮಾಡಲು ಸಾಧ್ಯ ಎಂದರೆ ಇದನ್ನು ಮಾಡಿ. ಸೆಪ್ಟೆಂಬರ್‌ನಲ್ಲಿ ಕಷ್ಟದ ಮಾತು ಆಡಬೇಕಾದಾಗ ಪಾಲಕರು ಕೇಳಿಸಿಕೊಳ್ಳುವುದು ಜೂನ್‌ನ ಈ ಒಂದು ನಿಮಿಷದ ಬಲದಿಂದಲೇ.

ಕಷ್ಟದ ಮಾತಿನಲ್ಲಿ ಮಗುವಿನ ಸ್ವಭಾವದ ಮೇಲೆ ತೀರ್ಪು ಬೇಡ, ಕಂಡದ್ದನ್ನು ಹೇಳಿ. “ನಿಮ್ಮ ಮಗ ಓದುವುದೇ ಇಲ್ಲ” ಎಂದರೆ ಪಾಲಕರು ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಮನೆಗೆ ಹೋಗಿ ಹುಡುಗನಿಗೆ ನಾಲ್ಕು ಬಾರಿಸುತ್ತಾರೆ, ಅಷ್ಟೆ. “ಎರಡು ವಾರದಿಂದ ದಶಕ ತೆಗೆದು ಕಳೆಯುವ ಲೆಕ್ಕ ತಪ್ಪಾಗುತ್ತಿದೆ, ಅದಕ್ಕಿಂತ ಮೊದಲು ಸರಿ ಮಾಡುತ್ತಿದ್ದ, ಮನೆಯಲ್ಲಿ ಏನಾದರೂ ಬದಲಾಗಿದೆಯೇ?” ಎಂದು ಕೇಳಿದರೆ ಅಜ್ಜಿ ಆಸ್ಪತ್ರೆಯಲ್ಲಿರುವ ಸಂಗತಿಯೋ, ಕರಿಹಲಗೆ ಸರಿಯಾಗಿ ಕಾಣದಿರುವುದೋ ಹೊರಬರುತ್ತದೆ. ಮಗುವಿನ ಎದುರಿಗೆ, ಬಸ್‌ಸ್ಟ್ಯಾಂಡಿನಲ್ಲಿ, ಜಾತ್ರೆ ಗದ್ದಲದಲ್ಲಿ ಈ ಮಾತು ಬೇಡ.

ಪಾಲಕರೇ ಬಂದು “ಎರಡು ಹೊಡೀರಿ ಮಾಸ್ತರೇ, ಅಡ್ಡಿಲ್ಲ” ಎನ್ನುತ್ತಾರೆ. ಆಗ?

“ಹೊಡೆಯುವುದಿಲ್ಲ” ಎಂದು ನೇರವಾಗಿ, ನಗುಮುಖದಿಂದ ಹೇಳಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಪಾಲಕರು ಒಪ್ಪಿದರೂ ಅದು ಸಕ್ರಮವಾಗುವುದಿಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಆಗುತ್ತದೆ. ಮುಚ್ಚಿಬಿಡುವುದೇ?

ಮುಚ್ಚಬೇಡಿ, ಗ್ರೂಪನ್ನು ಸೂಚನಾ ಫಲಕ ಮಾಡಿ. ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿ. ಅಡ್ಮಿನ್ ಇಬ್ಬರಿರಲಿ, ತರಗತಿ ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರು. ದಿನಕ್ಕೆ ಒಂದೇ ಸಂದೇಶ, ಸಂಜೆ 6ರೊಳಗೆ. ಓದಲು ಕಷ್ಟಪಡುವವರಿಗೆ ಅದನ್ನೇ ಒಂದು ನಿಮಿಷದೊಳಗಿನ ಧ್ವನಿ ಸಂದೇಶವಾಗಿಯೂ ಹಾಕಿ. ಒಂದು ಮಗುವಿಗೆ ಸಂಬಂಧಿಸಿದ ಯಾವುದೂ ಗ್ರೂಪಿಗೆ ಬರಬಾರದು. ಅಂಕ, ಗೈರುಹಾಜರಿ, ಬಾಕಿ ಶುಲ್ಕ, ಶಿಕ್ಷೆ, ಕಾಯಿಲೆ ಎಲ್ಲವೂ ಆಯಾ ಮನೆಯ ನಂಬರಿಗೆ ಮಾತ್ರ. ಫೋಟೋ ಹಾಕುವ ಮುನ್ನ ದಾಖಲಾತಿಯ ಹೊತ್ತಿಗೇ ಪಾಲಕರ ಬರಹದ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಒಪ್ಪದವರ ಮಗುವನ್ನು ಗುಂಪಿನ ಫೋಟೋದಲ್ಲೂ ಸೇರಿಸಬೇಡಿ.

ನಮ್ಮ ಜಿಲ್ಲೆಯ ದೊಡ್ಡ ತೊಡಕು ಬೇರೆಯೇ ಇದೆ. ಜೋಯಿಡಾ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮಜರೆಗಳಲ್ಲಿ ಗುಡ್ಡ ಹತ್ತದೆ ಸಿಗ್ನಲ್ ಸಿಗುವುದಿಲ್ಲ. ಮನೆಗಿರುವ ಒಂದೇ ಫೋನು ಅಪ್ಪನ ಜತೆ ಬೋಟಿನಲ್ಲೋ ಗೋವಾದ ಕೆಲಸದಲ್ಲೋ ಇರುತ್ತದೆ. “ಗ್ರೂಪಿಗೆ ಹಾಕಿದ್ದೇವೆ” ಎಂದರೆ ಸುದ್ದಿ ಮುಟ್ಟಿತು ಎಂದಲ್ಲ. ಜೂನ್‌ನಲ್ಲೇ ಮೂರು ಪಟ್ಟಿ ಮಾಡಿ: ವಾಟ್ಸಾಪ್ ನೋಡುವ ಮನೆಗಳು, ಕರೆ ಮಾತ್ರ ಹೋಗುವ ಮನೆಗಳು, ಎರಡೂ ಇಲ್ಲದ ಮನೆಗಳು. ಮೂರನೆಯ ಪಟ್ಟಿಯ ಪ್ರತಿ ಮನೆಗೂ ಹತ್ತಿರದ ಒಂದು ಮನೆಯನ್ನು ಜೋಡಿಸಿ, ಇಬ್ಬರನ್ನೂ ಕೇಳಿಯೇ ಜೋಡಿಸಿ. ಮುಖ್ಯ ಸೂಚನೆ ಚೀಟಿಯಲ್ಲೂ ಹೋಗಲಿ, ಮರುದಿನ ಸಹಿಯಾಗಿ ಬರಲಿ. ಬಾರದ ಚೀಟಿ ಎಷ್ಟು ಎಂದು ಎಣಿಸಿದಾಗಲೇ ಎಷ್ಟು ಮನೆಗೆ ಮುಟ್ಟಿಲ್ಲ ಎಂದು ಗೊತ್ತಾಗುವುದು. ಸಿಮ್ ಬದಲಾಗುತ್ತಲೇ ಇರುತ್ತದೆ, ದಸರಾ ರಜೆಯ ನಂತರ ನಂಬರುಗಳನ್ನು ಮತ್ತೊಮ್ಮೆ ಕೇಳಿ ತಿದ್ದಿ.

ಮಳೆ ರಜೆಯ ಗೊಂದಲ ತಪ್ಪಿಸುವುದು ಹೇಗೆ?

ಇದು ಉತ್ತರ ಕನ್ನಡದ ಶಾಲೆಗಳ ನಂಬಿಕೆಯ ನಿಜವಾದ ಪರೀಕ್ಷೆ. ಇದಕ್ಕೆ ತಯಾರಿ ಮೇ ಕೊನೆಯಲ್ಲೇ ಆಗಬೇಕು.

ಜಿಲ್ಲೆಯ ಮಳೆ ರಜೆಯನ್ನು ಘೋಷಿಸುವವರು ಜಿಲ್ಲಾಧಿಕಾರಿಗಳು. ಕೆಲವು ಸಲ ಎಲ್ಲ ತಾಲೂಕಿಗೆ, ಕೆಲವು ಸಲ ಆಯ್ದ ತಾಲೂಕುಗಳಿಗೆ ಮಾತ್ರ. ಆದೇಶ ಕೈಗೆ ಬಂದಾಗ ನಾಲ್ಕು ನೋಡಿ: ದಿನಾಂಕ, ವರ್ಷ, ತಾಲೂಕುಗಳ ಹೆಸರು, ಯಾವ ತರಗತಿಯವರೆಗೆ ಎಂಬುದು. ವರ್ಷ ನೋಡದೆ ಹಳೆಯ ಆದೇಶವನ್ನು ಮುಂದೆ ಕಳಿಸುವುದು, ದಿನಾಂಕ ತಿದ್ದಿದ ಚಿತ್ರ ಹರಿದಾಡುವುದು ಇವೇ ಗೊಂದಲದ ಮೂಲ. ಆದ್ದರಿಂದ ಶಾಲೆಯ ಮಟ್ಟದಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ: ಮುಖ್ಯೋಪಾಧ್ಯಾಯರ ನಂಬರಿನಿಂದ ಬಂದದ್ದು ಮಾತ್ರ ರಜೆ. ರಜೆ ಇಲ್ಲದ ದಿನವೂ, ಮಳೆ ಜೋರಿದ್ದರೆ, “ಇಂದು ಶಾಲೆ ಇದೆ” ಎಂದು ಅವರು ಬೆಳಿಗ್ಗೆಯೇ ಹೇಳಬೇಕು. ಸುಮ್ಮನಿದ್ದರೆ ಆ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ.

ಆದೇಶ ತಡವಾಗಿ ಬಂದು ಮಕ್ಕಳು ಆಗಲೇ ಬಸ್ ಹತ್ತಿದ್ದರೆ? ಬಂದ ಮಕ್ಕಳನ್ನು ಗೇಟಿನಿಂದಲೇ ತಿರುಗಿ ಕಳಿಸಬೇಡಿ. ಒಳಗೆ ಕೂರಿಸಿ, ಎಣಿಸಿ, ಮನೆಗೆ ಸುದ್ದಿ ಮುಟ್ಟಿಸಿ, ದೊಡ್ಡವರ ಜತೆಯಲ್ಲೇ ಕಳಿಸಿ. ಕೊನೆಯ ಮಗು ಹೋಗುವವರೆಗೆ ಒಬ್ಬ ಶಿಕ್ಷಕರು ಇರಲೇಬೇಕು.

ಹಳ್ಳ ದಾಟಿ ಬರುವ ಮಕ್ಕಳ ಪಟ್ಟಿಯನ್ನು ಬೇರೆಯಾಗಿ ಇಡಿ. ಮಗುವಿನ ಹೆಸರು, ಯಾವ ಹಳ್ಳ, ಕಾಲುಸಂಕವೋ ಸೇತುವೆಯೋ, ದಾಟಿಸಲು ಬರುವವರು ಯಾರು, ನೀರು ಏರಿದರೆ ಈಚೆ ದಡದಲ್ಲಿ ಯಾರ ಮನೆಯಲ್ಲಿ ಉಳಿಯುವುದು, ಇಷ್ಟೂ ಅದರಲ್ಲಿರಬೇಕು. ಉಳಿಯುವ ಮನೆಯನ್ನು ಪಾಲಕರೇ ಹೇಳಬೇಕು, ಆ ಮನೆಯವರು ಒಪ್ಪಬೇಕು, ಇಬ್ಬರ ಸಹಿಯೂ ಬೇಕು. ಅಡಿಕೆ ಮರದ ಕಾಲುಸಂಕ ಮಳೆಗೆ ಪಾಚಿಗಟ್ಟಿ ಜಾರುತ್ತದೆ. ನೀರು ಸಂಕಕ್ಕಿಂತ ಕೆಳಗಿದ್ದರೂ ಅಪಾಯ ತಪ್ಪಿದ್ದಲ್ಲ. ಅಂಥ ದಿನ ಶಾಲೆಗೆ ಬಾರದ ಮಗುವನ್ನು ಮರುದಿನ ನಿಲ್ಲಿಸಿ ಕಾರಣ ಕೇಳಬೇಡಿ. “ಹಳ್ಳ ಬಂದಿದ್ದರೆ ಕಳಿಸಬೇಡಿ, ಪಾಠ ನಾವು ಮತ್ತೆ ಮಾಡುತ್ತೇವೆ” ಎಂದು ಶಾಲೆಯೇ ಮೊದಲು ಹೇಳಿದರೆ ಪಾಲಕರು ಹಾಜರಿಯ ಹೆದರಿಕೆಯಿಂದ ಮಗುವನ್ನು ನೀರಿಗೆ ಇಳಿಸುವುದಿಲ್ಲ. ರಜೆ ಸರಿದೂಗಿಸಲು ಶನಿವಾರ ಪೂರ್ಣ ದಿನ ತರಗತಿ ಇಡುವುದಾದರೆ ಒಂದು ವಾರ ಮೊದಲು ತಿಳಿಸಿ. ಬಸ್ಸಿನ ಹೊತ್ತು, ಊಟ ಎರಡೂ ಅದರ ಮೇಲೆ ನಿಂತಿವೆ.

ಮನೆಮಾತು ಕನ್ನಡ ಅಲ್ಲದ ಪಾಲಕರ ಜತೆ ಹೇಗೆ?

ಕಾರವಾರದ ಕಡೆ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಮತ್ತು ಉರ್ದು, ಜೋಯಿಡಾದ ಕುಣಬಿಗಳಲ್ಲಿ ಕೊಂಕಣಿ, ಹಳಿಯಾಳ, ಯಲ್ಲಾಪುರದ ಸಿದ್ದಿ, ಗೌಳಿ ಮನೆಗಳಲ್ಲಿ ಅವರವರದೇ ಮಾತು. ಕನ್ನಡದ ಮನೆಗಳಲ್ಲೂ ಹಾಲಕ್ಕಿಯವರ ಮಾತು, ಹವ್ಯಕರ ಮಾತು ಪುಸ್ತಕದ ಕನ್ನಡವಲ್ಲ. “ಮೌಲ್ಯಮಾಪನ”, “ಕಲಿಕಾ ಫಲ” ಎಂಬ ಮಾತುಗಳು ಕನ್ನಡದ ಮನೆಗೂ ಅರ್ಥವಾಗುವುದಿಲ್ಲ. “ಪರೀಕ್ಷೆ”, “ಏನು ಕಲಿತ” ಎಂದರೆ ಆಯಿತು.

ಮಗುವನ್ನೇ ದುಭಾಷಿ ಮಾಡುವುದು ಎಲ್ಲ ಕಡೆ ಆಗುವ ತಪ್ಪು. ತನ್ನ ಬಗ್ಗೆ ಶಿಕ್ಷಕರು ಹೇಳಿದ್ದನ್ನು ಮಗು ಮೆತ್ತಗೆ ಮಾಡಿಯೇ ಅಮ್ಮನಿಗೆ ಹೇಳುತ್ತದೆ. ಗಂಭೀರ ವಿಷಯವಾದರೆ ಮಗುವಿಗೆ ಹೊರಲಾರದ ಭಾರವೂ ಆಗುತ್ತದೆ. ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಅದೇ ಸಮುದಾಯದ ಇನ್ನೊಬ್ಬ ತಾಯಿ ಇವರಲ್ಲಿ ಒಬ್ಬರನ್ನು ಕರೆಯಿರಿ. ಯಾರನ್ನು ಕರೆಯಲಿ ಎಂದು ಪಾಲಕರನ್ನೇ ಕೇಳಿ, ಏಕೆಂದರೆ ನೆಂಟರ ಎದುರು ಹೇಳಲಾಗದ ವಿಷಯಗಳಿರುತ್ತವೆ. ಹೆಬ್ಬೆಟ್ಟು ಒತ್ತಿಸುವ ಮೊದಲು ಕಾಗದವನ್ನು ಪೂರ್ತಿ ಓದಿ ಹೇಳಿ. ಅಪ್ಪ ಅಮ್ಮ ಯಾವ ಮಾತಿನವರೇ ಆಗಿರಲಿ, ಯಾವ ಕೇರಿಯವರೇ ಆಗಿರಲಿ, ಬಹುವಚನದಲ್ಲೇ ಮಾತಾಡಿಸಿ, ಕುರ್ಚಿ ಕೊಡಿ. ಯಾರಿಗೆ ಕುರ್ಚಿ, ಯಾರಿಗೆ ಬಾಗಿಲು ಎಂಬುದನ್ನು ಊರು ಗಮನಿಸುತ್ತಿರುತ್ತದೆ.

ಮಗುವಿಗೆ ಶಾಲೆಯಲ್ಲಿ ಹೊಡೆದಿದ್ದಾರೆ. ಪಾಲಕರಾಗಿ ನಾವು ಏನು ಮಾಡಬೇಕು?

ಮೊದಲು ಮಗುವಿನ ಮಾತನ್ನು ಅಡ್ಡ ಬಾಯಿ ಹಾಕದೆ ಕೇಳಿ, ಅದು ಹೇಳಿದ ಪದಗಳಲ್ಲೇ ಬರೆದಿಡಿ. ದಿನಾಂಕ, ಹೊತ್ತು, ಯಾರೆಲ್ಲ ಇದ್ದರು ಎಂಬುದೂ ಇರಲಿ. ಪೆಟ್ಟು ಕಾಣುತ್ತಿದ್ದರೆ ಫೋಟೋ ತೆಗೆದು ಅಂದೇ ಡಾಕ್ಟರಿಗೆ ತೋರಿಸಿ, ಚೀಟಿ ಇಟ್ಟುಕೊಳ್ಳಿ. ಗ್ರೂಪಿನಲ್ಲಿ ಹಾಕಬೇಡಿ. ಹಾಕಿದ ಕೂಡಲೇ ಊರು ಎರಡು ಪಾಳಯವಾಗುತ್ತದೆ, ಮಗು ಮಧ್ಯೆ ಸಿಕ್ಕಿಬೀಳುತ್ತದೆ.

ಮರುದಿನ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ದೂರು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಏನು ಕ್ರಮ ಬೇಕು, ಎಷ್ಟು ದಿನದಲ್ಲಿ ಉತ್ತರ ಬೇಕು ಎಂದು ಅದರಲ್ಲೇ ಬರೆಯಿರಿ. ಒಂದು ವಾರ ನ್ಯಾಯವಾದ ಗಡುವು. ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಮೇಲೆ ಕಾರವಾರ ಅಥವಾ ಶಿರಸಿಯ ಉಪನಿರ್ದೇಶಕರು. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಬರಹದಲ್ಲಿ ಕೊಟ್ಟ ದೂರು 3 ತಿಂಗಳೊಳಗೆ ತೀರ್ಮಾನವಾಗಬೇಕು, ಅದರ ಮೇಲಿನ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಮುಖ್ಯೋಪಾಧ್ಯಾಯರಿಗೂ ಒಂದು ಮಾತು. ದೂರು ತಂದ ಪಾಲಕರಿಗೆ ಮೊದಲು ಹೇಳಬೇಕಾದ್ದು “ಬಂದು ಹೇಳಿದ್ದು ಒಳ್ಳೆಯದಾಯಿತು, ವಿಚಾರಿಸಿ ಇಂಥ ದಿನ ತಿಳಿಸುತ್ತೇನೆ” ಎಂದು. ಆ ದಿನ ಫೋನು ಮಾಡಿ. ವಿಚಾರಣೆ ಮುಗಿದಿರದಿದ್ದರೂ ಮಾಡಿ.

ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ?

ಮೇಲಿನ ಕ್ರಮ ಇಲ್ಲಿಗೆ ಅನ್ವಯಿಸುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ, 2012ರ 19ನೇ ಕಲಮಿನಂತೆ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ಪಂಚಾಯ್ತಿಕೆ, ರಾಜಿ, ಸಮಿತಿಯ ಸಭೆ ಯಾವುದೂ ಬೇಡ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬೇಡಿ, ಹೆಸರು ಹೊರಗೆ ಬಿಡಬೇಡಿ.

ಎಸ್‌ಡಿಎಂಸಿಗೆ ಸೇರಿ ಏನು ಮಾಡಬಹುದು?

ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) 2001ರಲ್ಲೇ ಬಂದವು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನರಹಿತ ಖಾಸಗಿ ಶಾಲೆಗೆ ಈ ಕಲಮು ಅನ್ವಯಿಸದು. ಸದಸ್ಯರಾದವರು ಬಣ್ಣ, ಕಾಂಪೌಂಡಿನ ಮಾತಿಗಷ್ಟೇ ನಿಲ್ಲದೆ ಹಾಜರಿ ಮತ್ತು ಓದಿನ ಬಗ್ಗೆ ಕೇಳಬೇಕು. ಬಂದ ಅನುದಾನ, ಖರ್ಚು, ಉಳಿಕೆ ಮೂರು ಸಾಲನ್ನು ತಿಂಗಳಿಗೊಮ್ಮೆ ಶಾಲೆಯ ಹೊರಗೋಡೆಯ ಹಲಗೆಯಲ್ಲಿ ಬರೆಸಿ. ದುಡ್ಡಿನ ಬಗ್ಗೆ ಹುಟ್ಟುವ ಅನುಮಾನಗಳಲ್ಲಿ ಹೆಚ್ಚಿನವು ಲೆಕ್ಕ ಕಣ್ಣಿಗೆ ಕಾಣದ್ದರಿಂದ ಹುಟ್ಟಿದವು.

ಬಿಸಿಯೂಟದ ಬಗ್ಗೆ ಅನುಮಾನ ಇದ್ದರೆ ಹೇಗೆ ಕೇಳುವುದು?

ದೂರಿನ ಬದಲು ಲೆಕ್ಕದಿಂದ ಶುರು ಮಾಡಿ. ದಿನಕ್ಕೆ 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ, 6ರಿಂದ 8ರ ಮಗುವಿಗೆ 150 ಗ್ರಾಂ ಧಾನ್ಯ. ಬೇಳೆ 20 ಮತ್ತು 30 ಗ್ರಾಂ. ಕಿರಿಯ ಪ್ರಾಥಮಿಕ ಶಾಲೆಗೆ 40 ಮಕ್ಕಳು ಬಂದ ದಿನ 4 ಕಿಲೋ ಅಕ್ಕಿ, 800 ಗ್ರಾಂ ಬೇಳೆ ಒಲೆಗೆ ಹೋಗಬೇಕು. ಶಾಲೆ ದಿನಕ್ಕೆ ಒಬ್ಬ ಪಾಲಕರನ್ನು ಸರದಿಯಂತೆ ಕರೆದು ಅಳತೆ ನೋಡಿಸಿ, ರುಚಿ ನೋಡಿಸಿ, ಪುಸ್ತಕದಲ್ಲಿ ಎರಡು ಸಾಲು ಬರೆಸಲಿ. ಮೊಟ್ಟೆಯೋ ಬಾಳೆಹಣ್ಣೋ ಎಂಬುದನ್ನು ಮನೆಯವರಿಂದ ಬರಹದಲ್ಲಿ ತಿಳಿದುಕೊಳ್ಳಿ. ತಿನ್ನದ ಮಗುವಿನ ಮೇಲೆ ಒತ್ತಾಯವೂ ಬೇಡ, ತಿನ್ನುವ ಮಗುವನ್ನು ಬೇರೆ ಕೂರಿಸುವುದೂ ಬೇಡ.

ಶಾಲೆ ಬದಲಿಸಬೇಕು, ವರ್ಗಾವಣೆ ಪತ್ರ ಕೊಡುತ್ತಿಲ್ಲ.

8ನೇ ತರಗತಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವುದಾದರೆ ಹಳೆಯ ಶಾಲೆಯ ಮುಖ್ಯಸ್ಥರು ಪತ್ರವನ್ನು ತಕ್ಷಣ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ, ಇದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು.

ಅಪ್ಪ ಅಮ್ಮ ಇಬ್ಬರೂ ಹೊರಗೆ, ಮಗು ಅಜ್ಜಿಯ ಹತ್ತಿರ. ಯಾರ ಜತೆ ಮಾತಾಡಬೇಕು?

ಅಜ್ಜಿಯ ಜತೆ. ದಿನದ ವಿಷಯಕ್ಕೆ ಅವರೇ ಪಾಲಕರು. ಹೊರಗಿರುವ ತಂದೆ ತಾಯಿಗೆ ತಿಂಗಳಿಗೊಂದು ಕರೆ, ಅವರಿಗೆ ಬಿಡುವಿರುವ ಹೊತ್ತಿನಲ್ಲಿ, ಅಜ್ಜಿಗೆ ತಿಳಿಸಿಯೇ. ಮಗುವನ್ನು ಶಾಲೆಯಿಂದ ಕರೆದೊಯ್ಯಲು ಯಾರಿಗೆ ಅನುಮತಿ ಎಂಬ ಮೂರು ಹೆಸರಿನ ಪಟ್ಟಿಗೆ ಸಹಿ ಮಾಡಿಸಿಟ್ಟುಕೊಳ್ಳಿ.

ಶಿಕ್ಷಕರು ವರ್ಗವಾದರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಇದಕ್ಕೆ ಪರಿಹಾರ?

ಅತಿಥಿ ಶಿಕ್ಷಕರು ವರ್ಷದ ಕೊನೆಗೆ ಹೋಗಿಬಿಡುವ ಶಾಲೆಗಳಲ್ಲಿ ಇದು ದೊಡ್ಡ ನಷ್ಟ. ಪ್ರತಿ ಮಗುವಿಗೆ ಅರ್ಧ ಪುಟದ ಟಿಪ್ಪಣಿ ಬರೆದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಿ. ಮನೆಗೆ ಸುದ್ದಿ ಮುಟ್ಟುವ ದಾರಿ ಯಾವುದು, ಮನೆಮಾತು ಯಾವುದು, ಪಾಲಕರು ಸಿಗುವ ಹೊತ್ತು, ಈ ವರ್ಷ ಪಾಲಕರ ಜತೆ ಆದ ಮಾತು, ಕೊಟ್ಟು ಉಳಿಸಿಕೊಳ್ಳಬೇಕಾದ ಮಾತು, ಇಷ್ಟು ಸಾಕು. ಮನೆಯ ಗುಟ್ಟು, ಜಾತಿ, ಜಗಳ ಇದರಲ್ಲಿ ಬೇಡ. “ಹೀಗೆ ಬರೆದಿದ್ದೇವೆ” ಎಂದು ಪಾಲಕರಿಗೆ ಓದಿ ತೋರಿಸಬಹುದಾದಷ್ಟೇ ಬರೆಯಿರಿ. ಸಾಧ್ಯವಿದ್ದರೆ ಹೋಗುವ ಶಿಕ್ಷಕರು ಬರುವವರನ್ನು ಕಷ್ಟದಲ್ಲಿರುವ ನಾಲ್ಕೈದು ಮನೆಗಳಿಗೆ ತಾವೇ ಕರೆದುಕೊಂಡು ಹೋಗಿ, “ಇನ್ನು ಮೇಲೆ ಇವರು ನೋಡ್ಕೊಳ್ತಾರೆ” ಎಂದು ಪರಿಚಯ ಮಾಡಿಸಲಿ.